ಹಡಗಿನ ಮಾದರಿ ಕಟ್ಟುವವರಿಗೆ ಕ್ರಿಸ್‌ಮಸ್ ಉಡುಗೊರೆ: ಕಿಟ್, ಉಪಕರಣ, ದಾರ, ಯಾವುದು ಯಾರಿಗೆ?

ಮನೆಯಲ್ಲಿ ಒಬ್ಬರು ಹಡಗಿನ ಮಾದರಿ ಕಟ್ಟುತ್ತಾರೆ ಅಂದರೆ, ಕ್ರಿಸ್‌ಮಸ್ ಹತ್ತಿರ ಬಂದಾಗ ಉಳಿದವರ ಕಣ್ಣು ಮೊದಲು ಹೋಗುವುದು ದೊಡ್ಡ ಪೆಟ್ಟಿಗೆಯ ಕಿಟ್ ಕಡೆಗೆ. ಹಾಯಿ ಕಟ್ಟುವ ಮೂರು ಕಂಬ, ಅಂದರೆ ಕೂವೆಮರ, ಸಾಲು ಸಾಲು ಫಿರಂಗಿ, ಪೆಟ್ಟಿಗೆಯ ಮೇಲೆ ಹಾಯಿ ಬಿಚ್ಚಿ ನಿಂತ ಹಡಗು. ದುಬಾರಿ ಉಡುಗೊರೆ, ಆದರೆ ಹೆಚ್ಚಿನ ಸಲ ತಪ್ಪು ಉಡುಗೊರೆ. ಯಾವ ಹಡಗು ಕಟ್ಟಬೇಕು ಅನ್ನುವುದು ಮುಂದಿನ ಒಂದೆರಡು ವರ್ಷದ ಸಂಜೆಗಳನ್ನು ಏನು ಮಾಡುತ್ತಾ ಕಳೆಯಬೇಕು ಅನ್ನುವ ತೀರ್ಮಾನ. ಅದನ್ನು ಕಟ್ಟುವವರೇ ಮಾಡಬೇಕು. ಈಗ ಮೇಜಿನ ಮೇಲಿರುವ ಹಡಗು ಮುಂದಿನ ಹಂತಕ್ಕೆ ಹೋಗಲು ಏನು ಬೇಕೋ ಅದನ್ನು ಮಾತ್ರ ಬೇರೆಯವರು ಚೆನ್ನಾಗಿ ಆರಿಸಬಹುದು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಅವರ ಮೇಜಿನ ನಾಲ್ಕು ಫೋಟೊ ತೆಗೆದಿಟ್ಟುಕೊಳ್ಳಿ: ಕಿಟ್ ಪೆಟ್ಟಿಗೆಯ ಬದಿ, ಹಡಗು ಈಗಿರುವ ಸ್ಥಿತಿ, ಚಾಕುವಿನ ಹಿಡಿ, ಅಂಟಿನ ಬಾಟಲಿಗಳು. ಪೆಟ್ಟಿಗೆಯ ಬದಿಯಲ್ಲಿ ಕಂಪನಿಯ ಹೆಸರೂ 1:64, 1:350 ತರಹದ ಪ್ರಮಾಣವೂ ಇರುತ್ತವೆ. 1:64 ಅಂದರೆ ನಿಜವಾದ ಹಡಗಿನ ಅರವತ್ತನಾಲ್ಕನೇ ಒಂದು ಪಾಲು. ಒಡಲಿನ ಪಕ್ಕೆಲುಬು ಇನ್ನೂ ಕಾಣುತ್ತಿದ್ದರೆ ಬೇಕಾಗಿರುವುದು ಒತ್ತಿ ಹಿಡಿಯುವ ಕ್ಲ್ಯಾಂಪ್, ಉಪ್ಪುಕಾಗದ, ಮರದ ಪಟ್ಟಿ ಬಗ್ಗಿಸುವ ಸಾಧನ. ಕೂವೆಮರ ನಿಂತಿದ್ದರೆ ದಾರ, ಚಿಮಟ, ಒಳ್ಳೆಯ ಬೆಳಕು. ಮುಗಿದ ಹಡಗು ಟಿವಿ ಪಕ್ಕದಲ್ಲಿ ಧೂಳು ತಿನ್ನುತ್ತಿದ್ದರೆ ಗಾಜಿನಂಥ ಪೆಟ್ಟಿಗೆ. ಗೋದಲಿ ಕಟ್ಟುವ ಮನೆಯಾದರೆ ಡಿಸೆಂಬರ್ ನಡುವಿನ ಹೊತ್ತಿಗೆ ಆ ಮೇಜು ಗೋದಲಿಗೆ ಹೋಗಿರುತ್ತದೆ. ಫೋಟೊ ಅದಕ್ಕೂ ಮೊದಲೇ ಆಗಲಿ.

ಕಿಟ್ಟೇ ಕೊಡಬೇಕೆಂದಿದ್ದರೆ

ಮರವೋ ಪ್ಲಾಸ್ಟಿಕ್ಕೋ ಅನ್ನುವುದು ಮೊದಲ ಕವಲು. ಇವೆರಡೂ ಬೇರೆ ಬೇರೆ ಹವ್ಯಾಸ ಅಂದರೂ ನಡೆಯುತ್ತದೆ. ಟಮಿಯಾದಂಥ ಕಂಪನಿಗಳ 1:350, 1:700 ಪ್ಲಾಸ್ಟಿಕ್ ಯುದ್ಧನೌಕೆಗಳಲ್ಲಿ ಕೌಶಲವೆಲ್ಲ ಬಣ್ಣದಲ್ಲಿ. ಅದರ ತೆಳು ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ, ಮರಕ್ಕೆ ಹಚ್ಚಿದರೆ ಹಿಡಿಯುವುದೇ ಇಲ್ಲ. ಮರದ ಹಡಗಿನಲ್ಲಿ ಕೌಶಲವಿರುವುದು ಪಟ್ಟಿ ಬಗ್ಗಿಸುವುದರಲ್ಲಿ, ಹಗ್ಗ ಕಟ್ಟುವುದರಲ್ಲಿ. ಒಂದರಲ್ಲಿ ಕೈ ಪಳಗಿದವರಿಗೆ ಇನ್ನೊಂದನ್ನು ಕೇಳದೆ ಕೊಡಬೇಡಿ.

ಮರದ ಕಿಟ್‌ಗಳಲ್ಲಿ ಸಾಮಾನ್ಯವಾದದ್ದು, ಕೀಲ್ ಎಂಬ ಬೆನ್ನೆಲುಬಿಗೆ ಪ್ಲೈವುಡ್ ಅಡ್ಡಹಲಗೆ ಸಿಕ್ಕಿಸಿ ಮೇಲೆ ಪಟ್ಟಿ ಹೊದಿಸುವ ಬಗೆ. ಹೊಸಬರಿಗಾದರೆ ಎರಡು ಪದರದ್ದನ್ನೇ ಆರಿಸಿ. ಮೊದಲ ಪದರ ಸುಮಾರು 1.5 ಮಿ.ಮೀ. ದಪ್ಪದ ಮೆದು ಮರ. ಸಂದು ಬಿದ್ದರೆ ಪುಟ್ಟಿ ಮೆತ್ತಿ ಉಜ್ಜಬಹುದು. ಅದರ ಮೇಲೆ ಅರ್ಧ ಮಿಲಿಮೀಟರಿನ ವಾಲ್‌ನಟ್ ಪಟ್ಟಿ ಕೂರುತ್ತದೆ, ಕೆಳಗಿನ ತಪ್ಪು ಮುಚ್ಚಿಹೋಗುತ್ತದೆ. ಒಂದೇ ಪದರದ ಕಿಟ್‌ನಲ್ಲಿ ಈ ಅವಕಾಶವಿಲ್ಲ. ಸ್ಪೇನಿನ ಆಕ್ರೆ ಮತ್ತು ಆರ್ಟೆಸಾನಿಯಾ ಲಾಟಿನಾ ಕಂಪನಿಗಳ ಸೂಚನೆಗಳು ಫೋಟೊಗಳ ಮೇಲೆ ನಿಂತಿವೆ, ಆಕ್ರೆಯ ಹಲವು ಹಡಗುಗಳಿಗೆ ಹಂತಹಂತದ ವಿಡಿಯೊ ಇದೆ. ಅಮೆರಿಕದ ಮಾಡೆಲ್ ಶಿಪ್‌ವೇಸ್ ಕಿಟ್‌ಗಳ ನಕ್ಷೆಗಳು ಸೊಗಸು, ಆದರೆ ನಕ್ಷೆ ಓದಲು ಬರಬೇಕು, ಅಳತೆ ಇಂಚಿನಲ್ಲಿ.

ಗಾತ್ರವನ್ನೂ ಲೆಕ್ಕ ಹಾಕಿ. 1765ರಲ್ಲಿ ನೀರಿಗಿಳಿದ ಎಚ್‌ಎಂಎಸ್ ವಿಕ್ಟರಿ ಎಲ್ಲರೂ ಆಸೆಪಡುವ ಹಡಗು. ಅದರ ಉದ್ದ ಸುಮಾರು 69 ಮೀಟರ್. 1:72ರಲ್ಲಿ ಒಡಲೇ ಒಂದು ಮೀಟರಿಗೆ ಹತ್ತಿರ, ಮೂತಿಯಿಂದ ಚಾಚಿದ ಮರವೂ ಸೇರಿದರೆ ಇನ್ನೂ ಉದ್ದ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಇದನ್ನು ಕಟ್ಟುವಷ್ಟು ಕಾಲ ಎಲ್ಲಿಡುವುದು, ಕಟ್ಟಿದ ಮೇಲೆ ಎಲ್ಲಿಡುವುದು? ಹೊಸಬರಿಗೆ ಒಂದೇ ಕೂವೆಮರದ, 40ರಿಂದ 50 ಸೆಂ.ಮೀ. ಉದ್ದದ ದೋಣಿ ಸಾಕು. ಅದೇ ಮುಗಿಯಲು ನೂರು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಅರ್ಧಕ್ಕೆ ನಿಂತು ಅಟ್ಟ ಸೇರುವವು ಹೆಚ್ಚಾಗಿ ದೊಡ್ಡ ಕಿಟ್‌ಗಳೇ.

ಯಾವ ಕಿಟ್ ಕೊಟ್ಟರೂ ಜೊತೆಗೊಂದು ಚಿಕ್ಕ ಉಕ್ಕಿನ ಮೂಲೆಮಟ್ಟ ಇಡಿ. ಅಡ್ಡಹಲಗೆಗಳು ಕೀಲಿಗೆ ನೇರ ಲಂಬವಾಗಿ ನಿಲ್ಲದಿದ್ದರೆ ಒಡಲು ಬಾಳೆಹಣ್ಣಿನಂತೆ ತಿರುಚಿಕೊಳ್ಳುತ್ತದೆ. ಪಟ್ಟಿ ಹೊದಿಸಿದ ಮೇಲೆ ಅದನ್ನು ಸರಿಪಡಿಸುವ ದಾರಿಯಿಲ್ಲ. ಲೇಸರ್‌ನಲ್ಲಿ ಕತ್ತರಿಸಿದ ಪ್ಲೈವುಡ್ಡಿನ ಕಪ್ಪು ಅಂಚನ್ನು ಉಜ್ಜಿ ತೆಗೆಯದೆ ಅಂಟಿಸಿದರೂ ಜೋಡಣೆ ಸಡಿಲ. ಸುಟ್ಟ ಪದರದೊಳಕ್ಕೆ ಅಂಟು ಇಳಿಯುವುದಿಲ್ಲ.

ದಿನಾ ಕೈಗೆ ಬರುವ ಉಪಕರಣ

ನಮ್ಮ ಮಟ್ಟಿಗೆ ಉಡುಗೊರೆಯ ದುಡ್ಡು ಇಲ್ಲಿ ಹೋದಷ್ಟು ಸಾರ್ಥಕವಾಗಿ ಬೇರೆಲ್ಲೂ ಹೋಗದು. ಕಟ್ಟುವವರು ಹಡಗಿಗೆ ದುಡ್ಡು ಸುರಿಯುತ್ತಾರೆ, ತಮ್ಮ ಕೈಯ ಸಾಮಾನಿಗೆ ಜಿಪುಣತನ ಮಾಡುತ್ತಾರೆ.

ಕೈ ಡ್ರಿಲ್ಲೋ, ವಿದ್ಯುತ್ ಡ್ರಿಲ್ಲೋ? ಹೆಚ್ಚಿನವರು ಡ್ರೆಮೆಲ್ ತರಹದ ರೋಟರಿ ಯಂತ್ರ ಕೊಂಡು ತರುತ್ತಾರೆ. ಅದು ಉಜ್ಜಲು, ಹಿತ್ತಾಳೆ ಕತ್ತರಿಸಲು ಒಳ್ಳೆಯದು. ಆದರೆ ಇಂಥ ಹಲವು ಯಂತ್ರಗಳ ಕನಿಷ್ಠ ವೇಗವೇ ನಿಮಿಷಕ್ಕೆ ಸುಮಾರು 10,000 ಸುತ್ತು. ಅಷ್ಟು ವೇಗದಲ್ಲಿ 0.5 ಮಿ.ಮೀ. ಬಿಟ್ (ತೂತು ಕೊರೆಯುವ ಕಡ್ಡಿ) ಕೈ ಒಂದಿಷ್ಟು ವಾಲಿದರೂ ಮುರಿಯುತ್ತದೆ, ಮರ ಸುಟ್ಟು ತೂತಿನ ಬಾಯಿ ಕಪ್ಪಾಗುತ್ತದೆ. 3 ಮಿ.ಮೀ. ದಪ್ಪದ ಕೂವೆಮರಕ್ಕೆ ತೂತು ಹಾಕಲು ಬೆರಳಲ್ಲಿ ತಿರುಗಿಸುವ ಪಿನ್ ವೈಸ್ ಬೇಕು. ತಲೆಯ ಗುಂಡಿ ಅಂಗೈಯಲ್ಲಿ ಸಲೀಸಾಗಿ ತಿರುಗುವಂಥದ್ದನ್ನು ನೋಡಿ ತನ್ನಿ. ಯಂತ್ರವೇ ಬೇಕೆಂದರೆ ಪ್ರಾಕ್ಸಾನ್ ಮೈಕ್ರೋಮಾಟ್ 50/ಇ ನಿಮಿಷಕ್ಕೆ 5,000 ಸುತ್ತಿನಿಂದ ಶುರುವಾಗುತ್ತದೆ, ಹಿಡಿಯೂ ಪೆನ್ನಿನ ಹಾಗಿದೆ. ಅದು 12 ವೋಲ್ಟಿನದು. ಅಡಾಪ್ಟರ್ ಬೇರೆಯಾಗಿ ಕೊಳ್ಳದಿದ್ದರೆ ಪೆಟ್ಟಿಗೆ ತೆರೆದ ದಿನ ಯಂತ್ರ ತಿರುಗುವುದಿಲ್ಲ.

ಬಿಟ್‌ಗಳ ವಿಚಾರದಲ್ಲಿ ಒಂದು ಎಚ್ಚರಿಕೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಪಿಸಿಬಿಗೆ (ಸರ್ಕ್ಯೂಟ್ ಹಲಗೆಗೆ) ತೂತು ಹಾಕುವ, ಹಿಂಬದಿ ದಪ್ಪವಿರುವ ಬಿಟ್ ಅಗ್ಗಕ್ಕೆ ಸಿಗುತ್ತವೆ. ಅವು ಕಾರ್ಬೈಡ್. ನಿಂತಲ್ಲೇ ನಿಲ್ಲುವ ಡ್ರಿಲ್ ಪ್ರೆಸ್ಸಿಗೆ ಚೆನ್ನ, ಕೈಯಲ್ಲಿ ಹಿಡಿದರೆ ಗಾಜಿನ ಕಡ್ಡಿಯಂತೆ ಮುರಿಯುತ್ತವೆ. ಕೈ ಡ್ರಿಲ್ಲಿಗೆ ಎಚ್‌ಎಸ್‌ಎಸ್ ಉಕ್ಕಿನವನ್ನೇ ಕೇಳಿ. ಇಪ್ಪತ್ತು ಅಳತೆಯ ಸೆಟ್ಟಿಗಿಂತ 0.5, 0.6, 0.8 ಮತ್ತು 1 ಮಿ.ಮೀ. ಬಿಟ್ ತಲಾ ಹತ್ತು ಕೊಟ್ಟರೆ ವರ್ಷವಿಡೀ ನೆನೆಯುತ್ತಾರೆ, ಸವೆಯುವುದು ಮುರಿಯುವುದು ಆ ನಾಲ್ಕೇ.

ಚಾಕುವಿನ ಅಲಗಿಗೂ ಇದೇ ಮಾತು. ಹಿಡಿಯ ಫೋಟೊ ತೆಗೆಯಿರಿ ಎಂದದ್ದು ಇದಕ್ಕೇ. ಎಕ್ಸಾಕ್ಟೊ ತರಹದ ದುಂಡು ಹಿಡಿಗೆ ಹಾಕುವ 11ನೇ ನಂಬರಿನ ಅಲಗೂ, ಆಸ್ಪತ್ರೆಯಲ್ಲಿ ಬಳಸುವ 11ನೇ ನಂಬರಿನ ಸರ್ಜಿಕಲ್ ಬ್ಲೇಡೂ ಬೇರೆ ಬೇರೆ. ಒಂದು ಇನ್ನೊಂದರ ಹಿಡಿಗೆ ಕೂರುವುದಿಲ್ಲ. ಸರ್ಜಿಕಲ್ ಬ್ಲೇಡ್ ತೆಳು, ಹರಿತ, ದಾರದ ತುದಿ ಕತ್ತರಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ನೂರರ ಪೆಟ್ಟಿಗೆ ಸಿಗುತ್ತದೆ, 3ನೇ ನಂಬರಿನ ಹಿಡಿ ಕೇಳಿ ತನ್ನಿ. 4ನೇ ನಂಬರಿನದು ದೊಡ್ಡ ಅಲಗಿನದು. ಆದರೆ ಪ್ಲೈವುಡ್ಡಿನಲ್ಲಿ ಅದನ್ನು ಪಕ್ಕಕ್ಕೆ ತಿರುಚಿದರೆ ಮೊನೆ ಮುರಿದು ಕಣ್ಣಿಗೆ ಹಾರುತ್ತದೆ. ದಪ್ಪ ಮರಕ್ಕೆ ದುಂಡು ಹಿಡಿಯ ಚಾಕುವೇ ಸರಿ.

ಪಟ್ಟಿ ಬಗ್ಗಿಸುವ ಸಾಧನಗಳಲ್ಲಿ ಎರಡು ಬಗೆ. ಇಕ್ಕಳದಂಥದ್ದು ಪಟ್ಟಿಯ ಒಳಮೈಗೆ ಸಾಲಾಗಿ ಗೀರು ಒತ್ತುತ್ತಾ ಬಗ್ಗಿಸುತ್ತದೆ. ಮೊದಲ ಪದರಕ್ಕೆ ಪರವಾಗಿಲ್ಲ, ಅರ್ಧ ಮಿಲಿಮೀಟರಿನ ವಾಲ್‌ನಟ್ಟಿಗೆ ಹಾಕಿದರೆ ಒತ್ತಿದಲ್ಲೇ ಸೀಳುತ್ತದೆ. ಸೋಲ್ಡರಿಂಗ್ ಐರನ್ನಿಗೆ ದುಂಡು ತಲೆ ಇಟ್ಟಂತಿರುವ ವಿದ್ಯುತ್ ಸಾಧನವೇ ಮೇಲು. ಇದನ್ನು ಕೊಡುವಾಗ ಹೀಗೊಂದು ಚೀಟಿ ಬರೆದಿಡಿ: 1.5 ಮಿ.ಮೀ. ಪಟ್ಟಿಯನ್ನು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಬಿಸಿ ತಲೆಯ ಮೇಲೆ ನಿಧಾನಕ್ಕೆ ಎಳೆಯುತ್ತಾ ಬಗ್ಗಿಸಿ, ಒಡಲಿಗೆ ಕ್ಲ್ಯಾಂಪ್ ಹಾಕಿ ರಾತ್ರಿಯಿಡೀ ಒಣಗಲು ಬಿಡಿ, ಅಂಟು ಬೆಳಿಗ್ಗೆ. ಹಸಿ ಇರುವಾಗಲೇ ಅಂಟಿಸಿದ ಪಟ್ಟಿ ಒಣಗುತ್ತಾ ಅಗಲದಲ್ಲಿ ಕುಗ್ಗುತ್ತದೆ. ಮರುದಿನ ಪ್ರತಿ ಎರಡು ಪಟ್ಟಿಯ ನಡುವೆ ಕೂದಲೆಳೆಯಷ್ಟು ಬಿರುಕು. ಮೂತಿಯ ಹತ್ತಿರ ಪಟ್ಟಿಯ ಅಗಲವನ್ನೂ ತಗ್ಗಿಸಬೇಕು, ಆದರೆ ಅರ್ಧಕ್ಕಿಂತ ಕೆಳಗಿಳಿಸಬಾರದು. ತಗ್ಗಿಸದಿದ್ದರೆ ಹಂಚಿನ ಹಾಗೆ ಒಂದರ ಮೇಲೊಂದು ಹತ್ತುತ್ತವೆ. ಎಲ್ಲಿ ಎಷ್ಟು ತಗ್ಗಿಸಬೇಕೆಂದು ಅಳೆಯಲು 150 ಮಿ.ಮೀ. ಉಕ್ಕಿನ ಡಿಜಿಟಲ್ ಕ್ಯಾಲಿಪರ್ ಬೇಕು. ಪ್ಲಾಸ್ಟಿಕ್ಕಿನದು ಒತ್ತಿದರೆ ಬಾಗಿ ಸುಳ್ಳು ಅಳತೆ ತೋರಿಸುತ್ತದೆ.

ಕ್ಲ್ಯಾಂಪ್‌ಗಳಾದರೆ ದೊಡ್ಡದು ಎರಡಕ್ಕಿಂತ ಚಿಕ್ಕದು ಹನ್ನೆರಡು. ಎಡಕ್ಕೊಂದು ಬಲಕ್ಕೊಂದು ಪಟ್ಟಿ ಏಕಕಾಲಕ್ಕೆ ಕೂರಿಸದಿದ್ದರೆ ಒಡಲು ಒಂದು ಕಡೆಗೆ ಎಳೆಯುತ್ತದೆ. ಒಂದೊಂದಕ್ಕೆ ಐದಾರು ಜಾಗದಲ್ಲಿ ಹಿಡಿತ ಬೇಕು.

ತಲೆಗೆ ಹಾಕುವ ಭೂತಗನ್ನಡಿ ಕೊಳ್ಳುವಾಗ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. 2.5 ಪಟ್ಟು ತೋರಿಸುವ ಮಸೂರ ಸುಮಾರು 20 ಸೆಂ.ಮೀ. ದೂರದಲ್ಲಿ ಮಾತ್ರ ಸ್ಪಷ್ಟ. ಅಷ್ಟು ಹತ್ತಿರ ಬಾಗಿದರೆ ಮೂಗಿಗೂ ಕೂವೆಮರಕ್ಕೂ ಡಿಕ್ಕಿ. 1.75 ಪಟ್ಟಿನದು ಸುಮಾರು 35 ಸೆಂ.ಮೀ. ದೂರ ಬಿಡುತ್ತದೆ, ಕೈಯಾಡಿಸಲು ಜಾಗ ಸಿಗುತ್ತದೆ. ಐವತ್ತು ದಾಟಿದ ಅಪ್ಪನಿಗೋ ಮಾವನಿಗೋ ಇದರ ಜೊತೆ ಒಂದು ಒಳ್ಳೆಯ ಎಲ್‌ಇಡಿ ಮೇಜುದೀಪ ಕೊಟ್ಟರೆ ಬೇರೇನೂ ಬೇಡ. ದೀಪ ಬಿಳಿ ಬೆಳಕಿನದಾಗಿರಲಿ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು ಹೇಳುವ ಸಿಆರ್‌ಐ ಸಂಖ್ಯೆ 90 ದಾಟಿರಲಿ. ಇಲ್ಲದಿದ್ದರೆ ರಾತ್ರಿ ಒಂದೇ ಎನಿಸಿದ ಕಂದು ಬಣ್ಣಗಳು ಬೆಳಿಗ್ಗೆ ಬೇರೆ ಬೇರೆ ಕಾಣುತ್ತವೆ.

ಪ್ಲಾಸ್ಟಿಕ್ ಕಟ್ಟುವವರಿಗಾದರೆ ಈ ದುಡ್ಡು ಗಾಳಿಯಲ್ಲಿ ಬಣ್ಣ ಚಿಮ್ಮುವ ಏರ್‌ಬ್ರಷ್ಷಿಗೆ ಹೋಗಲಿ: 0.3 ಮಿ.ಮೀ. ನಾಜಲ್, ಡಬಲ್ ಆಕ್ಷನ್ (ಒಂದೇ ಗುಂಡಿಯಲ್ಲಿ ಗಾಳಿ, ಬಣ್ಣ ಎರಡರ ಹಿಡಿತ), ಗಾಳಿ ತುಂಬಿಡುವ ಟ್ಯಾಂಕ್ ಇರುವ ಕಂಪ್ರೆಸರ್. ಟ್ಯಾಂಕ್ ಇಲ್ಲದ್ದು ಗಾಳಿಯನ್ನು ಬಿಟ್ಟು ಬಿಟ್ಟು ಊದುತ್ತದೆ, ಅಪಾರ್ಟ್‌ಮೆಂಟಿನಲ್ಲಿ ಸದ್ದೂ ನಿಲ್ಲುವುದಿಲ್ಲ. ನೀರಿನ ಬಣ್ಣ ತೆಳ್ಳಗೆ ಮಾಡಲು ನಮ್ಮ ಬೋರ್‌ವೆಲ್ಲಿನ ಗಡಸು ನೀರು ಬೇಡ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು.

ದಾರ: ಅಗ್ಗದ, ಆದರೆ ಅರ್ಥವಿರುವ ಉಡುಗೊರೆ

ಕಿಟ್‌ಗಳಲ್ಲಿ ಬರುವ ದಾರ ಸಾಮಾನ್ಯವಾಗಿ ನಿರಾಸೆ ಮಾಡುತ್ತದೆ. ಮೈತುಂಬ ಎಳೆ ಎದ್ದಿರುತ್ತದೆ. 1:64ರಲ್ಲಿ ಆ ಎಳೆಗಳು ನಿಜವಾದ ಹಡಗಿನ ಹಗ್ಗಕ್ಕೆ ಗಡ್ಡ ಬೆಳೆದಂತೆ ಕಾಣುತ್ತವೆ. ಹತ್ತಿದಾರಕ್ಕೆ ಇನ್ನೊಂದು ತೊಂದರೆ, ಗಾಳಿಯ ತೇವಕ್ಕೆ ಅದು ಬಿಗಿದು ಸಡಿಲವಾಗುತ್ತಿರುತ್ತದೆ. ಬೆಂಗಳೂರಿನ ಒಣ ಡಿಸೆಂಬರಿನಲ್ಲಿ ಅಚ್ಚುಕಟ್ಟಾಗಿ ಬಿಗಿದದ್ದು ಜುಲೈ ಮಳೆಗೆ ಎಳೆದು ಎಳೆದು, ಸಣ್ಣ ಕೂವೆಮರದ ತುದಿಯನ್ನೇ ವಾಲಿಸಬಲ್ಲದು. ಪಾಲಿಯೆಸ್ಟರ್ ದಾರಕ್ಕೆ ಆ ಕಾಟವಿಲ್ಲ. ಚಿಕ್ಕಪೇಟೆ ಸುತ್ತಿನ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಕಪ್ಪು, ಕಡುಕಂದು, ಮಾಸಲು ಕಂದು ಮೂರೂ ಸಿಗುತ್ತವೆ. ಕೂವೆಮರವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಡಾಂಬರು ಬಳಿಯುತ್ತಿದ್ದರು, ಅವಕ್ಕೆ ಗಾಢ ಬಣ್ಣ. ಹಾಯಿ ಎಳೆಯುವ ಹಗ್ಗಗಳಿಗೆ ಮಾಸಲು ಕಂದು. ಹೊಳೆಯುವ ಕಸೂತಿ ದಾರ ಮಾತ್ರ ತರಬೇಡಿ.

ದಪ್ಪ ಆರಿಸುವುದರಲ್ಲಿ ಎಡವುವವರೇ ಹೆಚ್ಚು. ಹಳೆಯ ಹಡಗಿನ ಪುಸ್ತಕಗಳಲ್ಲಿ ಹಗ್ಗಕ್ಕೆ ಕೊಟ್ಟ ಅಳತೆ ಸುತ್ತಳತೆ, ವ್ಯಾಸವಲ್ಲ. 18 ಇಂಚಿನ ಹಗ್ಗ ಅಂದರೆ ವ್ಯಾಸ ಸುಮಾರು 5.7 ಇಂಚು, 1:64ರಲ್ಲಿ 2.3 ಮಿ.ಮೀ. ಸುತ್ತಳತೆಯನ್ನೇ ವ್ಯಾಸವೆಂದುಕೊಂಡರೆ ಮೂರು ಪಟ್ಟು ದಪ್ಪದ ಹಗ್ಗ ಬಂದು ಹಡಗು ಆಟಿಕೆಯಂತಾಗುತ್ತದೆ. ಪ್ರಮಾಣ ಗೊತ್ತಿದ್ದರೆ 0.25, 0.5, 0.75, 1 ಮಿ.ಮೀ. ಉಂಡೆಗಳನ್ನು ತೆಳುವಿನದು ಜಾಸ್ತಿ, ದಪ್ಪದ್ದು ಕಮ್ಮಿ ಇಟ್ಟು ಕಟ್ಟಿಕೊಡಿ. ಹಗ್ಗದ ಏಣಿಯೊಂದಕ್ಕೇ ಮೀಟರುಗಟ್ಟಲೆ ತೆಳು ದಾರ ಹೋಗುತ್ತದೆ. ಹಡಗಿನಲ್ಲಿ ಸುಮಾರು 13 ಇಂಚಿಗೊಂದು ಮೆಟ್ಟಿಲು, 1:64ರಲ್ಲಿ 5 ಮಿ.ಮೀ.ಗೊಂದು. ಪ್ರತಿ ಮೆಟ್ಟಿಲು ಪ್ರತಿ ಹಗ್ಗವನ್ನು ದಾಟುವಲ್ಲಿ ಒಂದೊಂದು ಗಂಟು, ನೂರಾರು ಗಂಟು. ಇದಕ್ಕೆ ತುದಿ ಬಾಗಿದ ಒಂದು ಚಿಮಟ, ನೇರದ ಒಂದು ಬೇಕು. ಅಂಗಡಿಯಲ್ಲೇ ಚಿಮಟವನ್ನು ಬೆಳಕಿಗೆ ಹಿಡಿದು ಒತ್ತಿ ನೋಡಿ: ಮೊನೆಗಳು ಮೊದಲು ಕೂಡಬೇಕು, ನಡುವೆ ಬೆಳಕು ಉಳಿಯಬೇಕು. ಹೊಟ್ಟೆ ಮೊದಲು ಕೂಡುವ ಚಿಮಟ ದಾರ ಹಿಡಿಯುವುದಿಲ್ಲ.

ಜೇನುಮೇಣದ ಒಂದು ತುಂಡನ್ನೂ ಇಡಿ. ಹತ್ತಿದಾರವನ್ನೇ ಬಳಸುವವರಿಗೆ ಎಳೆ ಮಲಗಿಸಲು ಬೇಕಾಗುತ್ತದೆ.

ಮರದ ಪಟ್ಟಿ

ಕಿಟ್ ಬಿಟ್ಟು ಸ್ವಂತ ನಕ್ಷೆಯಿಂದ ಕಟ್ಟುವ ಹಂತ ತಲುಪಿದವರಿಗೆ ಮಾತ್ರ ಇದು. ತೇಗ ಕೊಡೋಣ ಅನಿಸುತ್ತದೆ. 1817ರಲ್ಲಿ ಮುಂಬೈಯಲ್ಲಿ ನೀರಿಗಿಳಿದ ಟ್ರಿಂಕೋಮಲಿ ಹಡಗು ತೇಗದ್ದೇ, ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಆದರೆ ಹಡಗು ಕುಗ್ಗಿದಷ್ಟು ಮರದ ಎಳೆ ಕುಗ್ಗುವುದಿಲ್ಲ. ತೇಗದ ಒರಟು ಎಳೆ, ತೆರೆದ ರಂಧ್ರ ಮಾದರಿಯಲ್ಲಿ ಗುಳಿಗಳಂತೆ ಕಾಣುತ್ತವೆ. ನಮಗೆ ಹತ್ತಿರದಲ್ಲೇ ಇದಕ್ಕಿಂತ ಒಳ್ಳೆಯದಿದೆ: ಚನ್ನಪಟ್ಟಣದ ಗೊಂಬೆ ಮಾಡುವ ಆಲೆಮರ. ತಿಳಿ ಬಣ್ಣ, ನವಿರು ಎಳೆ, ಲೇತಿನಲ್ಲಿ ಬೆಣ್ಣೆಯಂತೆ ಕಡೆಯುತ್ತದೆ. ಅಲ್ಲಿನ ಕುಶಲಕರ್ಮಿಗಳ ಹತ್ತಿರ 8ರಿಂದ 10 ಮಿ.ಮೀ. ದಪ್ಪದ, ಬಣ್ಣ ಹಾಕದ ನೇರ ಕೋಲುಗಳನ್ನು ಕೇಳಿ ತಂದರೆ ಕೂವೆಮರ, ಪೀಪಾಯಿ, ಫಿರಂಗಿಗಳಾಗುತ್ತವೆ. ಚೆನ್ನಾಗಿ ಒಣಗಿದ್ದೇ ಆಗಬೇಕು. ಹಸಿ ಕೋಲು ಎರಡು ತಿಂಗಳಲ್ಲಿ ಬಿಲ್ಲಾಗುತ್ತದೆ.

ಇಂಥವರಿಗೇ ಹೊಂದುವ ಇನ್ನೊಂದು ವಿಚಾರ, 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ. ಅಜಂತಾದ ಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಾಯಿಹಡಗು ಅದು. ಹಾಯಿಯ ಮೇಲೆ ನಮ್ಮ ಗಂಡಭೇರುಂಡ. ಸುಮಾರು 20 ಮೀಟರ್ ಉದ್ದ, 1:50ರಲ್ಲಿ 40 ಸೆಂ.ಮೀ., ಮೇಜಿಗೆ ಹೇಳಿ ಮಾಡಿಸಿದ ಅಳತೆ. ಸರ್ಕಾರ ಬಿಡುಗಡೆ ಮಾಡಿದ ಫೋಟೊಗಳ ದೊಡ್ಡ ಮುದ್ರಣ, 1 ಮಿ.ಮೀ. ದಪ್ಪದ ಪಟ್ಟಿಗಳು, 0.5 ಮಿ.ಮೀ. ಬಿಟ್, ಕಂದು ಲಿನನ್ ದಾರ ಸೇರಿಸಿ ಒಂದು ಪೆಟ್ಟಿಗೆ ಮಾಡಿಕೊಟ್ಟರೆ ಯಾವ ಅಂಗಡಿಯ ಕಿಟ್ಟೂ ಅದಕ್ಕೆ ಸಮವಲ್ಲ.

ನೀರಿಗಿಳಿಯುವ ದೋಣಿ

ರಿಮೋಟ್ ದೋಣಿ ಬೇರೆಯದೇ ದಾರಿ. ಪ್ರದರ್ಶನದ ಮರದ ಕಿಟ್‌ಗೆ ಮೋಟರ್ ಹಾಕಿ ಓಡಿಸಬಹುದೆಂದುಕೊಂಡು ಎರಡನ್ನೂ ಕೊಡಬೇಡಿ. ಮಾಮೂಲಿ ಮರದ ಅಂಟು ನೀರಲ್ಲಿ ಮೆತ್ತಗಾಗಿ ಒಡಲು ಬಾಯಿಬಿಡುತ್ತದೆ. ಕಟ್ಟುವ ಆಸೆಯಿರುವವರಿಗೆ ವೇಗದ ದೋಣಿಗಿಂತ ಟಗ್ (ದೊಡ್ಡ ಹಡಗನ್ನು ಎಳೆಯುವ ದೋಣಿ) ಅಥವಾ ಮೀನುಗಾರಿಕೆ ದೋಣಿಯ ಕಿಟ್ ಮೇಲು. ಒಡಲೊಳಗೆ ಜಾಗ ಹೆಚ್ಚು, ಓಟ ನಿಧಾನ, ತಪ್ಪು ತಡೆದುಕೊಳ್ಳುತ್ತದೆ. ಬ್ರಷ್ ಮೋಟರ್, 7.2 ವೋಲ್ಟಿನ ನಿಕಲ್ ಬ್ಯಾಟರಿ ಅದಕ್ಕೆ ಸಾಕು. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಹಗುರ, ಆದರೆ ಒಂದೊಂದು ಸೆಲ್ 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ. ಸರಿಯಾದ ಚಾರ್ಜರೂ ಬೆಂಕಿ ತಡೆಯುವ ಚೀಲವೂ ಇಲ್ಲದೆ ಕೊಡಲೇಬೇಡಿ.

ದೋಣಿ ಈಗಾಗಲೇ ಇದ್ದರೆ ಪ್ರೊಪೆಲರ್ ಕಂಬಿಯ ನಳಿಗೆಗೆ ತುಂಬುವ ಗ್ರೀಸ್, ಎರಡು ಬಿಡಿ ಪ್ರೊಪೆಲರ್, ಚುಕ್ಕಾಣಿ ತಿರುಗಿಸುವ, ನೀರು ತಡೆಯುವ ಸರ್ವೊ ಮೋಟರ್ ಕೊಡಿ. ಗ್ರೀಸ್ ಒಣಗಿದ ನಳಿಗೆಯೊಳಗಿಂದಲೇ ನೀರು ಒಡಲಿಗೆ ಏರುತ್ತದೆ. ಬೆಂಗಳೂರಿನ ಕೆರೆಗಳಲ್ಲಿ ಕಳೆ ಸುತ್ತಿಕೊಂಡು ಮೋಟರ್ ಸುಟ್ಟುಹೋಗುವುದುಂಟು, ನೀರು ತೆರವಾಗಿರುವ ಜಾಗ ಬೇಕು, ಕೆರೆ ನೋಡಿಕೊಳ್ಳುವವರ ಅನುಮತಿಯೂ ಬೇಕು. ಅದು ಸಿಗುವ ಖಾತ್ರಿಯಿಲ್ಲದಿದ್ದರೆ ಈ ಉಡುಗೊರೆ ಬಿಡಿ.

ಮುಗಿದ ಹಡಗಿಗೆ ಮನೆ

ಅಕ್ರಿಲಿಕ್ ಪೆಟ್ಟಿಗೆ ಹಗುರ, ನಾಮಫಲಕ ಮಾಡುವ ಅಂಗಡಿಗಳಲ್ಲಿ ಅಳತೆ ಕೊಟ್ಟರೆ ಕತ್ತರಿಸಿ ಅಂಟಿಸಿಕೊಡುತ್ತಾರೆ. ಗಾಜಿಗೆ ಗೀರು ಬೀಳದು, ಆದರೆ ಭಾರ. 60 ಸೆಂ.ಮೀ.ವರೆಗೆ 3 ಮಿ.ಮೀ. ಅಕ್ರಿಲಿಕ್ ಸಾಕು, ಅದರಾಚೆ 5 ಮಿ.ಮೀ. ಬೇಕು, ಇಲ್ಲದಿದ್ದರೆ ಮೇಲಿನ ಹಾಳೆ ಜೋಲುತ್ತದೆ. ಒಡಲನ್ನಷ್ಟೇ ಅಳೆಯಬೇಡಿ. ಮೂತಿಯ ಮರ, ಹಾಯಿಯ ಅಡ್ಡಮರ, ಕೂವೆಮರದ ತುದಿ ಸೇರಿಸಿ ಅಳೆದು ಪ್ರತಿ ಬದಿಗೆ 5 ಸೆಂ.ಮೀ. ಬಿಡಿ. ಹಡಗು 70 ಉದ್ದ, 25 ಅಗಲ, ಅದರ ಪೀಠವೂ ಸೇರಿ 55 ಎತ್ತರವಿದ್ದರೆ ಒಳಅಳತೆ 80, 35, 60. ಪೆಟ್ಟಿಗೆಯ ತಳದಲ್ಲಿ ನಾಲ್ಕು ಸಣ್ಣ ಗಾಳಿತೂತು ಹಾಕಿಸಿ. ಮರ, ಅಂಟುಗಳಿಂದ ಹೊರಡುವ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ನಿಂತರೆ ಸೀಸದ ಲಂಗರು, ಫಿರಂಗಿಗಳ ಮೇಲೆ ಬಿಳಿ ಪುಡಿ ಏಳುತ್ತದೆ, ಕೊನೆಗೆ ಅವು ಪುಡಿಯೇ ಆಗುತ್ತವೆ. ಇನ್‌ಸ್ಟಂಟ್ ಅಂಟಿನಿಂದ ಇತ್ತೀಚೆಗೆ ಮುಗಿಸಿದ ಹಡಗಾದರೆ ಕೆಲವು ದಿನ ಹೊರಗಿಟ್ಟು ಆಮೇಲೆ ಮುಚ್ಚಲಿ, ಅದರ ಆವಿ ಒಳಗಿನ ಮೈಗೆ ಬಿಳಿ ಮಂಜು ಹಿಡಿಸುತ್ತದೆ.

ತಾರೀಖು ನೋಡಿಕೊಂಡು

ಹೊರದೇಶದಿಂದ ಕಿಟ್ ತರಿಸುವುದಾದರೆ ನವೆಂಬರ್ ಮೊದಲ ವಾರ ದಾಟಬೇಡಿ. ಕಸ್ಟಮ್ಸ್ ಸುಂಕ ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ವೆಚ್ಚವೂ ಸೇರಿದ ಮೊತ್ತದ ಮೇಲೆ ಬೀಳುತ್ತದೆ, ಆ ದುಡ್ಡು ತೆಗೆದಿಟ್ಟೇ ಆರ್ಡರ್ ಮಾಡಿ. ಲಿಪೊ ಬ್ಯಾಟರಿ, ಉರಿಯುವ ದ್ರಾವಕದ ಬಣ್ಣಗಳನ್ನು ವಿಮಾನದಲ್ಲಿ ಕಳಿಸಲು ಕಟ್ಟುಪಾಡುಗಳಿವೆ, ಅವನ್ನು ಊರಲ್ಲೇ ಕೊಳ್ಳಿ. ಅಕ್ರಿಲಿಕ್ ಪೆಟ್ಟಿಗೆಯವರಿಗೆ ಹತ್ತು ದಿನ ಮುಂಚೆ ಹೇಳಿ.

ಡಿಸೆಂಬರ್ 23ರ ಸಂಜೆಗೆ ನೆನಪಾಯಿತೇ? ಆಗಲೂ ಕೈ ಖಾಲಿಯಾಗಬೇಕಿಲ್ಲ. ಸರ್ಜಿಕಲ್ ಬ್ಲೇಡಿನ ಪೆಟ್ಟಿಗೆ ಮತ್ತು ಹಿಡಿ, 120, 240, 400 ನಂಬರಿನ ಉಪ್ಪುಕಾಗದ ತಲಾ ಹತ್ತು ಹಾಳೆ, ಮೂರು ಬಣ್ಣದ ಪಾಲಿಯೆಸ್ಟರ್ ದಾರ, ಐದಾರು ಚಿಕ್ಕ ಟ್ಯೂಬ್ ಇನ್‌ಸ್ಟಂಟ್ ಅಂಟು. ಅಂಟು ದೊಡ್ಡ ಬಾಟಲಿ ಬೇಡ, ತೆರೆದ ಮೇಲೆ ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ. ಇದೆಲ್ಲ ಖಾಲಿ ಕೇಕ್ ಡಬ್ಬಿಯಲ್ಲಿ ಹಿಡಿಸುತ್ತದೆ. ಅಲಗುಗಳು ಮಾತ್ರ ಪೊಟ್ಟಣದಲ್ಲೇ ಇರಲಿ, ಮೇಲೆ ಗುರುತು ಬರೆದಿಡಿ. ಹಬ್ಬದ ಬೆಳಿಗ್ಗೆ ಡಬ್ಬಿಯನ್ನು ಮೊದಲು ತೆರೆಯುವವರು ಮಕ್ಕಳು.